ತೊಂಬತ್ತಾರು ತಾಸು

ಪ್ರತಿ ವರ್ಷ ಜೂನ್ ಮೊದಲ ವಾರ ನಾನು ಕೊಲ್ಹಾಪುರದ ಕಚೇರಿಗೆ ಒಂದು ಹಾಳೆ ಕಳಿಸುತ್ತಿದ್ದೆ. ಅದರಲ್ಲಿ ಬರೆಯಬೇಕಾದದ್ದು ಒಂದೇ ಶಬ್ದ: ನಿರಂಕ. ಅಂದರೆ ನಮ್ಮ ಮಹಿಳಾ ತಕ್ರಾರ ನಿವಾರಣ ಸಮಿತಿಗೆ ಈ ವರ್ಷ ಒಂದೂ ದೂರು ಬಂದಿಲ್ಲ. ಸಮಿತಿಗೆ ಏಳು ವರ್ಷದಿಂದ ನಾನೇ ಅಧ್ಯಕ್ಷೆ, ಏಳು ವರ್ಷವೂ ನಿರಂಕ. ನಾನು ಪಾಠ ಹೇಳುವ ಇಚಲಕರಂಜಿಯ ನೇಕಾರಿಕೆ ತರಬೇತಿ ಸಂಸ್ಥೆ ಅಷ್ಟೊಂದು ಪುಣ್ಯಕ್ಷೇತ್ರವೇನಲ್ಲ. ಯಾರೂ ಬಾಯಿ ಬಿಡುತ್ತಿರಲಿಲ್ಲ, ನಾನೂ ಬಾಯಿ ಬಿಡಿಸುವ ಗೋಜಿಗೆ ಹೋಗಿರಲಿಲ್ಲ. ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದವು. ಎಂಟನೆಯ ನಿರಂಕ ಬರೆದು ದತ್ತವಾಡದ ತವರಿಗೆ ಹೋಗಿ, ಕರೆದರೂ ಏಳದ ಹಾಗೆ ಎರಡು ದಿನ ಮಲಗಿಬಿಡಬೇಕು ಅಂತ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಪೂನಮ ಬಂದಳು. ಕೊರೋಚಿಯ ಹುಡುಗಿ, ಜಾಬರ್ ಕೋರ್ಸಿನ ಎರಡನೆಯ ವರ್ಷ. ಕೆಟ್ಟ ಮಗ್ಗವನ್ನು ಬಿಚ್ಚಿ, ಕೂಡಿಸಿ, ಮತ್ತೆ ಓಡುವಂತೆ ಮಾಡುವವನಿಗೆ ನಮ್ಮ ಕಡೆ ಜಾಬರ್ ಅನ್ನುತ್ತಾರೆ. ಅವಳ ಅಪ್ಪ ಕೃಷ್ಣಾತನಿಗೆ ಮನೆಯಲ್ಲೇ ನಾಲ್ಕು ಪವರ್‌ಲೂಮ್. ಅವ್ವ ಹಿರಾಬಾಯಿ ಇಪ್ಪತ್ತೈದು ವರ್ಷದಿಂದ ಅವುಗಳ ಪಕ್ಕ ಕೂತು ಕಂಡಿಕೆ ತುಂಬುತ್ತಾಳೆ, ಅಂದರೆ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುತ್ತಾಳೆ. ಪೂನಮ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು.

'ಹುಡುಗರನ್ನು ಮಗ್ಗದ ಶೆಡ್ಡಿಗೆ ಬಿಡುತ್ತಾರೆ, ಹುಡುಗಿಯರನ್ನು ಕಂಡಿಕೆ ಕೋಣೆಗೆ ಕಳಿಸುತ್ತಾರೆ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಮಗ್ಗ ಮುಟ್ಟಿಲ್ಲ. ಪರೀಕ್ಷೆಗೆ ಇಪ್ಪತ್ತೆರಡು ದಿನ ಉಳಿದಿವೆ. ಅಷ್ಟರೊಳಗೆ ನನ್ನ ತಾಸುಗಳನ್ನು ನನಗೆ ಕೊಡಿಸಿ.' ಕೆಳಗೆ ಗೇಟಿನ ಫಲಕದ ಸಾಲನ್ನು ನೋಡಿ ಬರೆದಿದ್ದಳು: ಲಿಂಗದ ಕಾರಣಕ್ಕೆ ಯಾವ ವಿದ್ಯಾರ್ಥಿಗೂ ಭೇದ ಮಾಡುವಂತಿಲ್ಲ, ಸಂವಿಧಾನದ ಕಲಂ ಹದಿನೈದು. ಆ ಫಲಕ ಬರೆಸಿದವಳು ನಾನೇ. ಅಕ್ಷರ ಸಣ್ಣದಾಯಿತು ಅಂತ ಪೇಂಟರನ ಜೊತೆ ಜಗಳ ಬೇರೆ ಆಡಿದ್ದೆ.

"ಎರಡ ವರ್ಷ ಸುಮ್ನ ಇದ್ದು ಈಗ್ಯಾಕವ್ವಾ?" ಅಂದೆ.

"ಯಡ್ರಾವದ ಕಾರಖಾನಿಯವ್ರು ಬಂದಿದ್ರಲ್ರಿ ಮೇಡಂ. ಪಾಸಾದವ್ರನ್ನ ತಗೋತೇವಿ, ಖರೆ ಮೊದಲ ಒಂದ ಮಗ್ಗ ಬಿಚ್ಚಿ ಕೂಡಿಸಿ ತೋರಸ್ಬೇಕು ಅಂದ್ರು. ನಾ ಏನ್ ತೋರಸ್ಲಿರಿ? ಕಂಡಕಿ ತುಂಬೂದು ನಮ್ಮವ್ವ ಮನ್ಯಾಗ ಕಲಿಸ್ಯಾಳ. ಅದಕ್ಕ ಕಾಲೇಜ್ ಯಾಕ್ ಬೇಕ್ರಿ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳು ಬಂದ ಹೊತ್ತಿನ ಮೇಲೆ. ಇನ್ನೊಂದು ವರ್ಷ ತಡವಾಗಿ ಹುಟ್ಟಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಅನಿಸಿತು.

ನಮ್ಮ ಸಂಸ್ಥೆಯಲ್ಲಿ ಈ ಪದ್ಧತಿ ಬಂದದ್ದು ಹನ್ನೆರಡು ವರ್ಷದ ಹಿಂದೆ. ಒಬ್ಬ ಹುಡುಗಿಯ ಹೆಗಲ ಮೇಲಿನ ಓಢಣಿ ಮಗ್ಗ ತಿರುಗಿಸುವ ಬೆಲ್ಟಿಗೆ ಸಿಕ್ಕಿತು. ಅವಳಿಗೇನೂ ಆಗಲಿಲ್ಲ, ಓಢಣಿ ಹರಿಯಿತು, ಮಗ್ಗ ನಿಂತಿತು. ಶೆಡ್ಡಿನ ಮುಖ್ಯಸ್ಥ ತಾತ್ಯಾಸಾಹೇಬರು ಮಾತ್ರ ಹೆದರಿಬಿಟ್ಟರು. ಅವರು ನಮ್ಮ ದತ್ತವಾಡದವರೇ, ನನಗೆ ಅಕ್ಕಾ ಅನ್ನುತ್ತಾರೆ. "ಅಕ್ಕಾ, ನಾಳೆ ಯಾರ್ದರೆ ಜಡೀ ಸಿಕ್ರ ನಮ್ಮ ಗತಿ ಏನ್ರಿ? ಹೆಣ್ಮಕ್ಕಳು ಕಂಡಕಿ ಕೋಣ್ಯಾಗ ಸುರಕ್ಷಿತ ಇರ್ತಾರ" ಅಂದರು. ನಾನು ಹೂಂ ಅಂದೆ. ಆದರೆ ಪರೀಕ್ಷೆಗೆ ಕೂರಬೇಕಾದರೆ ಮಗ್ಗದ ಮೇಲೆ ತೊಂಬತ್ತಾರು ತಾಸು ಕೆಲಸ ಮಾಡಿರಬೇಕು ಅಂತ ನಿಯಮ. ಹುಡುಗಿಯರ ವರ್ಷ ಹಾಳಾಗಬಾರದಲ್ಲ, ಅದಕ್ಕೆ ದಾರಿ ಹುಡುಕಿದವಳು ನಾನು. ಅವರು ಕಂಡಿಕೆ ಕೋಣೆಯಲ್ಲಿ ಕೂತ ತಾಸುಗಳನ್ನೆಲ್ಲ ಮಗ್ಗದ ರಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತ ಹೋದೆ. ಪರೀಕ್ಷೆಗೆ ಹೊರಗಿನಿಂದ ಬಂದವರೂ ಹುಡುಗಿಯರಿಗೆ ನಾಲ್ಕು ಪ್ರಶ್ನೆ ಬಾಯಲ್ಲೇ ಕೇಳಿ ಪಾಸು ಮಾಡುತ್ತಿದ್ದರು. ಸರ್ಟಿಫಿಕೇಟು ತಗೊಂಡು ಹೋದ ಹುಡುಗಿಯರು ಗಂಡನ ಮನೆಯಲ್ಲಿ ಮತ್ತೆ ಕಂಡಿಕೆಗೇ ಕೂತರು. ನಾನು ಮಾತ್ರ ದೊಡ್ಡ ಉಪಕಾರ ಮಾಡಿದ ಭ್ರಮೆಯಲ್ಲಿ ಅವರು ತಂದ ಪೇಢೆ ತಿಂದು ಬಾಯಿ ಒರೆಸಿಕೊಂಡೆ.

ಸಮಿತಿಯ ಸಭೆ ಸೋಮವಾರ ಸೇರಿತು. ತಾತ್ಯಾಸಾಹೇಬರು ರಜಿಸ್ಟರು ತಂದು ಪ್ರಿನ್ಸಿಪಾಲರ ಮುಂದೆ ಬಿಡಿಸಿಟ್ಟರು.

"ನೋಡ್ರಿ, ಪೂನಮ ಕೃಷ್ಣಾತ. ವಾರಕ್ಕ ಆರ ತಾಸಿನಂಗ ಹದಿನಾರ ವಾರ, ಒಟ್ಟ ತೊಂಬತ್ತಾರ. ಅಕ್ಕಾರದ ಸಹಿ ಐತಿ. ಮಗ್ಗ ಮುಟ್ಟಿಲ್ಲ ಅಂದ್ರ ಏನ್ ಅರ್ಥ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣುಜ್ಜಿದರು. ದೂರು ಸುಳ್ಳು ಅಂತಾದರೆ ಹುಡುಗಿಯ ಹಾಲ್ ಟಿಕೆಟ್ ತಡೆಯಬೇಕಾಗುತ್ತದೆ, ಸಂಸ್ಥೆಯ ಹೆಸರಿನ ಪ್ರಶ್ನೆ ಅಂದರು. ಉಳಿದ ಇಬ್ಬರು ಸದಸ್ಯೆಯರು ನನ್ನ ಮುಖ ನೋಡಿದರು. ನಾಳೆ ನಿರ್ಣಯ ಬರೆಯೋಣ ಅಂತ ಹೇಳಿ ಎದ್ದುಬಂದೆ.

ಪೂನಮ ಕಂಡಿಕೆ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ರಜಿಸ್ಟರಿನ ಸಂಗತಿ ಅವಳಿಗಾಗಲೇ ಮುಟ್ಟಿತ್ತು.

"ತಕ್ರಾರ ಹಿಂದ ತಗೋ ಪೂನಮ" ಅಂದೆ. "ಇಲ್ಲಂದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ ಅವ್ರು. ಹಿಂದ ತಗೊಂಡ್ರ ನಾ ಪಾಸ್ ಮಾಡಸ್ತೇನಿ. ಇಷ್ಟು ಮಂದೀನ ಮಾಡ್ಸಿಲ್ಲೇನು?"

"ಹಿಂದ ತಗೊಂಡ್ರ ಆ ತಾಸ ಬರ್ತಾವೇನ್ರಿ?"

"ಸರ್ಟಿಫಿಕೇಟ್ ಬರ್ತೈತಿ."

"ಅದನ್ನ ತಗೊಂಡ ಯಡ್ರಾವಕ್ಕ ಹೋದ್ರ ಮಗ್ಗದ ಮುಂದ ನಿಲ್ಲೂದು ನಾ ರೀ. ನಿಮ್ಮ ಸಹಿ ಬಂದ ನಿಲ್ಲಂಗಿಲ್ಲ." ಅಷ್ಟಂದು ಅವಳೇ ಗಾಬರಿಯಾದಳು. "ತಪ್ಪ ತಿಳೀಬ್ಯಾಡ್ರಿ ಮೇಡಂ. ನೀವು ನಮ್ಮ ಚಲೋದಕ್ಕ ಮಾಡೀರಿ, ಗೊತ್ತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಲೋದಕ್ಕೆ ಅಂದದ್ದು ಎದೆಗೆ ನಾಟಿತು. ಮನೆಗೆ ಹೋದವಳು ಚಹಾ ಕೂಡ ಮಾಡಿಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡೇ ಖುರ್ಚಿಯಲ್ಲಿ ಕೂತೆ. ಹನ್ನೆರಡು ವರ್ಷದಲ್ಲಿ ಎಷ್ಟು ಹುಡುಗಿಯರಾದರು ಅಂತ ನೆನಪು ಮಾಡಿಕೊಳ್ಳತೊಡಗಿದೆ. ಐವತ್ತರ ಆಚೆ ಹೆಸರುಗಳು ಸಿಗಲಿಲ್ಲ. ಭಾಳ ದಣಿವಾಗಿತ್ತು, ಆದರೆ ಇದು ಮಲಗಿದರೆ ಹೋಗುವ ದಣಿವಲ್ಲ ಅಂತ ಅವತ್ತು ಗೊತ್ತಾಯಿತು.

ಮರುದಿನ ಸಭೆಯಲ್ಲಿ ಮೊದಲು ಅಧ್ಯಕ್ಷೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟೆ. ಆಮೇಲೆ ಇನ್ನೊಂದು ಹಾಳೆ ಕೊಟ್ಟೆ. ರಜಿಸ್ಟರಿನಲ್ಲಿ ಹುಡುಗಿಯರ ಹೆಸರಿನ ಮುಂದಿರುವ ಮಗ್ಗದ ತಾಸುಗಳೆಲ್ಲ ಸುಳ್ಳು, ಹನ್ನೆರಡು ವರ್ಷ ಅವನ್ನು ಬರೆದವಳು ನಾನು, ಪೂನಮಳ ದೂರು ನಿಜ; ಕೆಳಗೆ ನನ್ನ ಸಹಿ, ರತ್ನಮಾಲಾ. ಇಷ್ಟೇ ಬರೆದಿದ್ದೆ. ಪೂನಮಳ ದೂರಿಗೆ ಸಮಿತಿ ಲಗತ್ತಿಸಿದ ನಮೂನೆಯಲ್ಲಿ 'ಯಾರ ವಿರುದ್ಧ' ಅಂತ ಒಂದು ಖಾಲಿ ಸಾಲಿತ್ತು. ಅಲ್ಲಿಯೂ ನನ್ನ ಹೆಸರು ತುಂಬಿದೆ.

ತಾತ್ಯಾಸಾಹೇಬರು ಖುರ್ಚಿಯಿಂದ ಎದ್ದರು. "ಜಾಊ ದ್ಯಾ ಹೋ ಅಕ್ಕಾ, ಬಿಟ್ಟಬಿಡ್ರಿ ಇದನ್ನ! ಮೂರ ತಿಂಗಳ ಉಳದೈತಿ. ಪೆನ್ಶನ್ ತಡೀತಾರ."

"ತಡೀಲಿ ತಾತ್ಯಾ" ಅಂದೆ. "ಅಕೀ ಹಾಲ್ ಟಿಕೆಟ್ ತಡ್ಯೂದಕಿಂತ ನಂದ ಏನರೆ ತಡೀಲಿ."

ಕಾಯ್ದೆ ಗೋಡೆಯ ಮೇಲಿದ್ದಾಗ ಯಾರಿಗೂ ಭಾರವಿರುವುದಿಲ್ಲ. ಸಹಿ ಇರುವ ಕಾಗದ ಕೈಗೆ ಬಂದ ಮೇಲೆ ಪ್ರಿನ್ಸಿಪಾಲರಿಗೆ ಬೇರೆ ದಾರಿ ಉಳಿಯಲಿಲ್ಲ. ನನಗೆ ಅವತ್ತೇ ಕಾರಣ ಕೇಳಿ ನೋಟಿಸು ಬಂತು, ವಿಚಾರಣೆ ಮುಗಿಯುವವರೆಗೆ ಪೆನ್ಶನ್ ಕಾಗದ ಮುಂದೆ ಹೋಗುವುದಿಲ್ಲ ಅಂತಲೂ ಬಂತು. ಪರೀಕ್ಷೆಯನ್ನು ಹುಡುಗಿಯರಿಗಾಗಿ ಒಂದು ತಿಂಗಳು ಮುಂದೂಡಿದರು. ಅಲ್ಲಿಯವರೆಗೆ ದಿನಾ ನಾಲ್ಕು ತಾಸು ಶೆಡ್ಡು ಅವರದೇ ಅಂತ ಆದೇಶವಾಯಿತು.

ಮೊದಲ ದಿನ ನಾನೂ ಹೋದೆ. ಉಳಿದ ಹುಡುಗಿಯರು ಇನ್ನೂ ಬಾಗಿಲಾಚೆ ಗುಸುಗುಸು ಮಾಡುತ್ತಿದ್ದರು. ತಾತ್ಯಾಸಾಹೇಬರು ಕೀಲಿ ತೆಗೆದು, ನನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವವರಂತೆ ಅಲ್ಲೇ ಕಟ್ಟೆಯ ಮೇಲೆ ಕೂತರು. ಪೂನಮ ಓಢಣಿ ಕಳಚಿ ಗೂಟಕ್ಕೆ ಹಾಕಿ ನಾಲ್ಕನೆಯ ಮಗ್ಗದ ಮುಂದೆ ನಿಂತಳು.

"ಮೇಡಂ, ಲಾಳಿ ಆ ಕಡಿ ಮುಟ್ಟವಲ್ದು, ನಡುವ ನಿಂತೈತಿ. ಮೊದಲ ಯಾವ ನಟ್ಟ ಸಡ್ಲ ಮಾಡೂದ್ರಿ?"

ಲಾಳಿ ನಡುವೆ ನಿಲ್ಲಲು ಐದು ಕಾರಣ. ಇಪ್ಪತ್ತೆಂಟು ವರ್ಷದಿಂದ ನಾನು ಅವನ್ನು ಕರಿಹಲಗೆಯ ಮೇಲೆ ಚಿತ್ರ ಸಮೇತ ಬರೆಯುತ್ತ ಬಂದಿದ್ದೇನೆ. ಮಗ್ಗದ ಕಡೆ ಬಗ್ಗಿ ನೋಡಿದೆ. ಎಣ್ಣೆ, ಧೂಳು, ಒಂದರ ಪಕ್ಕ ಒಂದು ಹತ್ತಾರು ನಟ್ಟು. ಯಾವುದಕ್ಕೆ ಕೈ ಹಾಕಬೇಕೋ ತಿಳಿಯಲಿಲ್ಲ.

"ನಂಗ ಬರಂಗಿಲ್ಲ ಪೂನಮ" ಅಂದೆ. "ನಾ ಮಗ್ಗ ಮುಟ್ಟಿಲ್ಲ. ನಾ ಕಲಿತ ಕಾಲೇಜಿನ್ಯಾಗ ನಮ್ಮನ್ನೂ ಕಂಡಕಿಗೇ ಕೂಡಸ್ತಿದ್ರು. ನನ್ನ ತೊಂಬತ್ತಾರ ತಾಸ ನಮಗ ಕಲಿಸಿದ ಬಾಯಾರು ಬರದಾರ."

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾವನ್ನು ನನ್ನ ಕಡೆ ಚಾಚಿದಳು.

"ಸೆರಗ ಸಿಗಸ್ಕೋರಿ ಮೇಡಂ."

ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಷ್ಟೇ ಕೆಲಸ. ಹನ್ನೆರಡು ವರ್ಷ ನಾವು ಯಾವ ಹುಡುಗಿಗೂ ಹೇಳದೆ ಉಳಿಸಿಕೊಂಡ ಸುರಕ್ಷತೆ ಅಷ್ಟೇ ಆಗಿತ್ತು. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಎಣ್ಣೆ ಬಳಿದುಕೊಂಡೆ.

"ಎಡಗಡೆದು ಅಕ್ಕಾ, ಎಡಗಡೆದು!" ಕಟ್ಟೆಯ ಮೇಲಿಂದ ತಾತ್ಯಾಸಾಹೇಬರು ತಡೆಯಲಾರದೆ ಕೂಗಿದರು.

ಪೂನಮ ಹೊಸ ರಜಿಸ್ಟರು ತೆಗೆದು ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ನನ್ನ ಹೆಸರು ಬರೆದಳು. ತಾಸಿನ ಜಾಗ ಎರಡೂ ಕಡೆ ಖಾಲಿ ಬಿಟ್ಟು, "ಮುಗದ ಮ್ಯಾಲ ಬರಿಯೂಣ್ರಿ" ಅಂದಳು.