ಹೆತ್ತ ಹ್ಯಾಮ್‌ಸ್ಟರ್‌ಗಳು

ಟೆನೆಸ್ಸಿಯ ನಮ್ಮ ಪ್ರಯೋಗಾಲಯದಲ್ಲಿ ಶುಕ್ರವಾರದ ಸಭೆಯೆಂದರೆ ಮುಖ್ಯಸ್ಥ ಡಾಕ್ಟರ್ ವೆಂಡೆಲ್ ಟ್ಯಾಕೆಟ್ ಮಾತಾಡುವುದು, ನಾವು ತಲೆಯಾಡಿಸುವುದು. ಆ ಶುಕ್ರವಾರ ಅವರು ಲೊರೆಟ್ಟಾ ಹ್ಯಾಸ್ಕ್ಯೂ ಎಂಬ ಹೊಸ ಸಂಶೋಧಕಿಯ ಕೆಲಸಕ್ಕೆ ಮಣ್ಣು ಹಾಕಲು ಬಂದಿದ್ದರು. ನಾವು ಕಾಫಿ ಹಿಡಿದು ತಮಾಷೆ ನೋಡಲು ಕುಳಿತಿದ್ದೆವು.

ಲೊರೆಟ್ಟಾ ಹೇಳುತ್ತಿದ್ದುದು ಇಷ್ಟೇ: ಕ್ಯಾನ್ಸರ್ ಗೆಡ್ಡೆಯ ಕೋಶಗಳ ಮೇಲಿರುವ ಕೆಲವು ಗುರುತುಗಳು ಭ್ರೂಣದ ಕೋಶಗಳ ಮೇಲೂ ಇರುತ್ತವೆ. ವಿಕಿರಣ ಹಾಯಿಸಿ ಬೆಳೆಯದಂತೆ ಮಾಡಿದ ಭ್ರೂಣದ ಕೋಶಗಳನ್ನು ಮೊದಲೇ ಚುಚ್ಚಿದರೆ, ಪ್ರಾಣಿಯ ಮೈ ಆ ಗುರುತನ್ನು ಕಲಿತುಕೊಂಡು ಮುಂದೆ ಗೆಡ್ಡೆಯನ್ನು ಬೇರೂರಲು ಬಿಡುವುದಿಲ್ಲ. ಹಾಗೆ ಚುಚ್ಚಿಸಿಕೊಂಡು, ಆಮೇಲೆ ಗೆಡ್ಡೆಯ ಕೋಶಗಳನ್ನೂ ಹಾಕಿಸಿಕೊಂಡ ಇಲಿಜಾತಿಯ ಅವಳ ಗಂಡು ಹ್ಯಾಮ್‌ಸ್ಟರ್‌ಗಳು ಕೆಳಮಹಡಿಯ ಪಂಜರಗಳಲ್ಲಿ ಗುಂಡಗೆ ಓಡಾಡಿಕೊಂಡಿದ್ದವು. ಬೇಸಿಗೆ ಮುಗಿಯುವ ತನಕ ಅವು ಗೆಡ್ಡೆಯಿಲ್ಲದೆ ಹಾಗೆಯೇ ಇದ್ದರೆ ಅವಳ ಮಾತು ನಿಜವೆಂದಾಗುತ್ತಿತ್ತು, ಅವಳ ಕೆಲಸವೂ ಉಳಿಯುತ್ತಿತ್ತು.

ಟ್ಯಾಕೆಟ್ ಅದೇ ಪ್ರಯೋಗವನ್ನು ತಾವೂ ಮಾಡಿ ನೋಡಿದ್ದರು.

"ಚುಚ್ಚಿದ ಗುಂಪಲ್ಲೂ ಗೆಡ್ಡೆ ಬರ್ಲಿಲ್ಲ, ಚುಚ್ಚದೆ ಬಿಟ್ಟ ಗುಂಪಲ್ಲೂ ಬರ್ಲಿಲ್ಲ. ಹಂಗಾದ್ರೆ ನಿನ್ನ ಚುಚ್ಚುಮದ್ದು ಮಾಡಿದ್ದೇನಮ್ಮಾ? ಪ್ರಾರ್ಥನೆನಾ?"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದಿದ್ದರೆ ಅವರ ಕಣ್ಣಿಗೆ ಬೀಳುತ್ತೇವಲ್ಲ.

ಲೊರೆಟ್ಟಾ ಎದ್ದು ನಿಂತಳು. "ಚುಚ್ಚದೆ ಬಿಟ್ಟವಕ್ಕೆ ಬರ್ಬೇಕಿತ್ತಲ್ಲ ಡಾಕ್ಟ್ರೇ, ಯಾಕೆ ಬರ್ಲಿಲ್ಲ?"

"ನಿನ್ನ ಗೆಡ್ಡೆ ಕೋಶಗಳೂ ಸೋಮಾರಿಗಳು!"

ಮತ್ತೆ ನಗೆ.

"ನನ್ನ ಹತ್ರ ಚೆನ್ನಾಗೇ ಬೆಳೀತಾವೆ. ನೀವು ಎಂಥ ಪ್ರಾಣಿ ತಗೊಂಡ್ರಿ?"

"ಅದನ್ನೇನು ಕೇಳ್ತೀಯ? ನಾವು ಗುಡ್ಡದ ಜನ, ಏನನ್ನೂ ದಂಡ ಮಾಡೋರಲ್ಲ. ಹಂದಿ ಕುಯ್ದ್ರೆ ಕಿವಿನೂ ಬಿಡಲ್ಲ. ಮರಿ ಹಾಕಿ ಹಾಕಿ ಸಾಕಾದ ಹೆಣ್ಣುಗಳನ್ನ ಬೇರೆಯೋರು ಕೊಂದು ಬಿಸಾಕ್ತಾರೆ. ನಾನು ಎರಡು ಗುಂಪಿಗೂ ಅವನ್ನೇ..."

ಮಾತು ಅಲ್ಲೇ ನಿಂತಿತು. ಟ್ಯಾಕೆಟ್ ಅವರ ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಏರತೊಡಗಿತು.

ನಮಗೂ ಅರ್ಥವಾಯಿತು. ಅವೆಲ್ಲ ಮೇಲಿಂದ ಮೇಲೆ ಬಸುರಾಗಿ ಹೆತ್ತ ತಾಯಿಗಳು. ಭ್ರೂಣದ ಗುರುತು ಅವುಗಳ ಮೈಗೆ ಎಂದೋ ಪರಿಚಯವಾಗಿರಬೇಕು. ಸೂಜಿ ಮಾಡುವ ಕೆಲಸವನ್ನು ಅವುಗಳ ಹೊಟ್ಟೆಯೇ ಮಾಡಿ ಮುಗಿಸಿತ್ತು. ಲೊರೆಟ್ಟಾಳನ್ನು ಸುಳ್ಳಾಗಿಸಲು ಹೊರಟವರು ಅವಳ ಪರವಾಗಿಯೇ ಸಾಕ್ಷಿ ಹೇಳಿದ್ದರು. ಇದಕ್ಕೆ ನಕ್ಕಿದ್ದೆವಲ್ಲ ಎಂದು ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಎಲ್ಲರೂ ಕಾಫಿ ಲೋಟದೊಳಗೆ ಇಣುಕುತ್ತಿದ್ದರು.

ಲೊರೆಟ್ಟಾಳ ದನಿಯಲ್ಲಿ ಗೆದ್ದ ಜಂಬ ಒಂದಿಷ್ಟೂ ಇರಲಿಲ್ಲ. "ಹೋಗ್ಲಿ ಬಿಡಿ ಡಾಕ್ಟ್ರೇ. ನನ್ನವು ಇದ್ದಾವಲ್ಲ. ಬೇಸಿಗೆ ಮುಗೀಲಿ, ಅವೇ ಹೇಳ್ತಾವೆ."

ಟ್ಯಾಕೆಟ್ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಲೊರೆಟ್ಟಾ... ಪಂಜರ ಸಾಲ್ತಿಲ್ಲ ಅಂತ... ಹೆಂಗಿದ್ರೂ ನಿನ್ನ ಪ್ರಯೋಗ ಇವತ್ತಿಗೆ ಮುಗೀತಲ್ಲ ಅಂತ... ಬೆಳಿಗ್ಗೆ ಕೊಲ್ಲಿಸಿ ಖಾಲಿ ಮಾಡಿಸ್ಬಿಟ್ಟೆ."

"ನನ್ನವನ್ನಾ?"

"ಹೂಂ."

"ಎಲ್ಲಾನೂ?"

ಅವರು ನೆಲ ನೋಡುತ್ತ ತಲೆಯಾಡಿಸಿದರು.

"ನಾನು ಮಾತಾಡೋ ತನಕನಾದ್ರೂ ತಡೀಬೋದಿತ್ತು," ಎಂದಳು. ಸ್ವೆಟರ್ ತೆಗೆದುಕೊಂಡು ಕೆಳಮಹಡಿಯ ಮೆಟ್ಟಿಲ ಕಡೆಗೆ ನಡೆದಳು.

"ಯಾರಾದ್ರೂ ಅವಳ ಜೊತೆ ಹೋಗ್ರಪ್ಪಾ," ಎಂದು ಟ್ಯಾಕೆಟ್ ಅಂಗಲಾಚಿದರು. ಅವರು ನಮ್ಮನ್ನು ಬೇಡಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಯಾವ ಮುಖ ಹೊತ್ತು ಹೋಗುವುದು? ಒಬ್ಬರೂ ಏಳಲಿಲ್ಲ.