ಸೀಟಿ ಕೇಳಿದರೆ ಗೋಡೆಗೆ ನಿಲ್ಲುವ ತಮ್ಮ

ಇಸ್ತ್ರಿ ಅಂಗಡಿಯ ಅಕ್ಕನ ತಮ್ಮ ಜೈಲಿನಿಂದ ಬಿಡುಗಡೆಯಾಗಿ ಮನೆಗೆ ಬಂದ ದಿನ ಬೀದಿಯವರೆಲ್ಲ ಕಿಟಕಿಯಲ್ಲೇ ಇದ್ದರು. ಯಾವ ತಪ್ಪಿಗೆ ಹೋಗಿದ್ದ ಎನ್ನುವ ಪುರಾಣ ಈಗ ಬೇಡ. ತಪ್ಪು ಮಾಡಿದ್ದ, ಶಿಕ್ಷೆ ಮುಗಿಸಿದ, ಬಂದ. ನಿಜವಾದ ಕಷ್ಟ ಶುರುವಾದದ್ದು ಬಂದ ಮೇಲೆ. ಅದು ಕಷ್ಟ ಅಂತ ಅಕ್ಕನಿಗೆ ಹೊಳೆಯಲೇ ಇಲ್ಲ. ಅವಳ ಕಣ್ಣಿಗೆ ಅದು ಶಿಸ್ತಾಗಿ ಕಂಡಿತು.

ಅಕ್ಕನ ಗಂಡ ಬಸ್ ಕಂಡಕ್ಟರ್. ಕೆಲಸ ಮುಗಿಸಿ ಬಂದರೆ ಬಾಗಿಲಲ್ಲಿ ಒಂದು ಸೀಟಿ ಊದಿಯೇ ಒಳಗೆ ಕಾಲಿಡುವುದು. ಸೀಟಿ ಕೇಳಿಸಿದ್ದೇ ತಡ, ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಲ್ಲುತ್ತಿದ್ದ. ಜೈಲಿನಲ್ಲಿ ಸೀಟಿ ಆದರೆ ತಲೆ ಎಣಿಕೆಗೆ ಹಾಗೆ ನಿಲ್ಲಬೇಕು. ಇತ್ತ ಕಂಡಕ್ಟರಿಗೆ ಎದುರಿಗೆ ಮನುಷ್ಯರು ನಿಂತರೆ ಎಣಿಸದಿದ್ದರೆ ಆಗದು. "ಒಂದು," ಎಂದು ಎಣಿಸಿಯೇ ಚಪ್ಪಲಿ ಬಿಡುತ್ತಿದ್ದ. ಎಣಿಕೆ ಆದ ಮೇಲೆ ತಮ್ಮ ನಿಟ್ಟುಸಿರು ಬಿಟ್ಟು ಕೂರುತ್ತಿದ್ದ. ಇಬ್ಬರಿಗೂ ಸಮಾಧಾನ.

"ನಿಮ್ಮ ಭಾವಮೈದ ನಿಮಗೆ ಎಷ್ಟು ಮರ್ಯಾದೆ ಕೊಡ್ತಾನೆ ನೋಡಿದ್ರಾ?" ಎಂದು ಅಕ್ಕ ಬೀಗುತ್ತಿದ್ದಳು.

"ಹೌದು ಕಣೇ. ಬಸ್ಸಲ್ಲಿ ಒಬ್ಬ ಪ್ರಯಾಣಿಕನೂ ಹೀಗೆ ನಿಲ್ಲಲ್ಲ," ಎಂದು ಗಂಡ ತಲೆದೂಗುತ್ತಿದ್ದ.

ಪಕ್ಕದ ಮನೆಯ ನರ್ಸಮ್ಮ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಒಂದು ಸಂಜೆ ಬಟ್ಟೆ ಕೊಡಲು ಬಂದಾಗ ಈ ಎಣಿಕೆಯನ್ನು ಕಣ್ಣಾರೆ ನೋಡಿದಳು. ಅವಳಿಗೆ ನಗು ಬರಲಿಲ್ಲ.

"ಅಕ್ಕ, ಅವನ ಕೈ ನೋಡಿ, ಹೇಗೆ ನಡುಗ್ತಿದೆ. ಅದು ಮರ್ಯಾದೆ ಅಲ್ಲ, ಹೆದರಿಕೆ. ಜೈಲಿಂದ ಬಂದವರಿಗೆ ಅಂತಲೇ ನಮ್ಮ ಕೇಂದ್ರದಲ್ಲಿ ಮನಸ್ಸಿನ ತರಬೇತಿ ನಡೀತಿದೆ. ಅವನನ್ನ ಕಳಿಸಿ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ನನ್ನ ತಮ್ಮನಿಗೆ ಹುಚ್ಚು ಅಂತೀರಾ?"

"ಯಾರು ಹಾಗಂದ್ರು? ಮೈ ಆಚೆ ಬಂದಿದೆ, ಮನಸ್ಸು ಇನ್ನೂ ಒಳಗೇ ನಿಂತಿದೆ. ಅದನ್ನೂ ಕರ್ಕೊಂಡು ಬರಬೇಕಲ್ವಾ?"

"ಅಲ್ಲಿ ಏನು ಕಲಿಸ್ತೀರಿ?"

"ಮೊದಲು ಉಸಿರನ್ನ ಗಮನಿಸೋದು."

"ಹುಟ್ಟಿದಾಗಿಂದ ಉಸಿರಾಡ್ತಾನೇ ಇದಾನೆ. ಒಂದು ದಿನಾನೂ ತಪ್ಪಿಸಿಲ್ಲ. ಅದನ್ನ ಹೊಸದಾಗಿ ಕಲೀಬೇಕಾ?" ಎಂದು ಅಕ್ಕ ಮೂಗು ಮುರಿದಳು. ಮಾತು ಅಲ್ಲಿಗೇ ನಿಂತಿತು.

ಆಮೇಲೆ ತಮ್ಮನಿಗೆ ಮರಗೆಲಸದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜೈಲಿನಲ್ಲಿ ಕಲಿತ ಕೆಲಸ, ಕೈ ಚೆನ್ನಾಗಿ ಪಳಗಿತ್ತು. ಉಳಿದವರೆಲ್ಲ ಮುಖದ ಮೇಲೆ ಬಾಗಿಲು ಹಾಕಿದ್ದರು. ಈ ಮಾಲೀಕ ಒಬ್ಬನೇ ಎಲ್ಲ ತಿಳಿದೂ ಕರೆದಿದ್ದ. ಇದೂ ಕೈ ತಪ್ಪಿದರೆ ತಮ್ಮನಿಗೆ ಹಳೆಯ ಗೆಳೆಯರೇ ಗತಿ ಎಂಬ ದಿಗಿಲು ಅಕ್ಕನಿಗಿತ್ತು.

ಆ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ಸೈರನ್ ಕೂಗುತ್ತದೆ. ಕೂಗಿತು. ತಮ್ಮ ತಿರುಗುವ ಗರಗಸವನ್ನು ಹಾಗೇ ಬಿಟ್ಟು ಅಂಗಳದ ಗೋಡೆಗೆ ಬೆನ್ನು ಹಚ್ಚಿ ನಿಂತ. ಏನೋ ಹಂಚುತ್ತಿದ್ದಾರೆ ಎಂದುಕೊಂಡು ಪಕ್ಕದಲ್ಲಿ ಬಣ್ಣ ಬಳಿಯುವವನು ನಿಂತ. ಅವನ ಪಕ್ಕ ಲಾರಿ ಡ್ರೈವರ್.

"ಏನು ಕೊಡ್ತಾರಂತೆ?"

"ಗೊತ್ತಿಲ್ಲಪ್ಪ. ಮೊದಲು ನಿಂತ್ಕೊ, ಆಮೇಲೆ ಸಿಗಲ್ಲ."

ಸಾಲು ಗೇಟಿನವರೆಗೂ ಬೆಳೆಯಿತು. ಮಾಲೀಕ ಹೊರಗೆ ಬಂದು, "ಯಾವ ಮಂತ್ರಿ ಬರ್ತಿದಾರ್ರಯ್ಯಾ?" ಎಂದು ಕೇಳಿದ. ಒಳಗೆ ಗರಗಸ ತನ್ನ ಪಾಡಿಗೆ ತಾನು ತಿರುಗುತ್ತಿದ್ದುದು ಕಂಡಾಗ ಮಾತ್ರ ಅವನ ಮುಖ ಬಿಳಿಚಿಕೊಂಡಿತು. ಸಂಜೆ ಇಸ್ತ್ರಿ ಅಂಗಡಿಗೇ ಬಂದ.

"ಅಕ್ಕಾವ್ರೇ, ನಿಮ್ಮ ತಮ್ಮನಷ್ಟು ಚೊಕ್ಕ ಕೆಲಸ ಯಾರೂ ಮಾಡಲ್ಲ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ನಾನು ಇಟ್ಕೊಳ್ಳೋಕಾಗಲ್ಲ. ಯಾರದ್ದಾದ್ರೂ ಕೈ ಹೋಗತ್ತೆ."

ಮರುದಿನವೇ ಅಕ್ಕ ತಮ್ಮನನ್ನು ಕೇಂದ್ರಕ್ಕೆ ಕರೆದುಕೊಂಡು ಹೊರಟಳು. ಹೋಗುವಾಗ, "ಮಂತ್ರ ಗಿಂತ್ರ ಹಾಕಿದ್ರೆ ಎಳ್ಕೊಂಡು ಬರ್ತೀನಿ," ಎಂದು ಗಂಡನಿಗೆ ಹೇಳಿಯೇ ಹೋದಳು.

ಮಂತ್ರವೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಮೇಲೆ ಜೈಲಿನಿಂದ ಬಂದ ಕೆಲವರು. ನರ್ಸಮ್ಮ ಮೆಲ್ಲಗೆ ಹೇಳಿದಳು: "ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ. ಪಾದ ನೆಲಕ್ಕೆ ತಾಗಿದೆಯಲ್ಲ, ಅದನ್ನ ಗಮನಿಸಿ. ಉಸಿರು ಒಳಗೆ ಹೋಗತ್ತೆ, ಆಚೆ ಬರತ್ತೆ. ಮನಸ್ಸು ಎಲ್ಲಾದ್ರೂ ಓಡಿಹೋದ್ರೆ ಅದನ್ನ ಬೈಬೇಡಿ. ಓಡ್ತು ಅಂತ ಗೊತ್ತಾದ್ರೆ ಸಾಕು. ಮೆಲ್ಲಗೆ ಪಾದದ ಹತ್ರ ವಾಪಸ್ ಕರ್ಕೊಂಡು ಬನ್ನಿ."

ಇಷ್ಟೇನಾ ಎಂದುಕೊಂಡು ಅಕ್ಕ ಕುಳಿತಳು. ಪಾದ, ಉಸಿರು, ಪಾದ, ಮೇಷ್ಟ್ರ ಬಿಳಿ ಶರ್ಟು, ಅದರ ಕಾಲರು...

"ಅಯ್ಯೋ! ಇಸ್ತ್ರಿಪೆಟ್ಟಿಗೆ ಆರಿಸಿಲ್ಲ!" ಎಂದು ಕಿರುಚಿ ಎದ್ದೇಬಿಟ್ಟಳು.

"ಅಕ್ಕ, ನಾನೇ ಆರಿಸಿ ಬಂದೆ," ಎಂದ ತಮ್ಮ. ಕೋಣೆಯೆಲ್ಲ ನಕ್ಕಿತು.

"ಮನಸ್ಸು ಅಂಗಡಿಗೆ ಓಡಿದ್ದು ಗೊತ್ತಾಯ್ತಲ್ಲ? ಪಾಠ ಅದೇ," ಎಂದಳು ನರ್ಸಮ್ಮ. "ಈಗ ಕೂತ್ಕೊಳ್ಳಿ."

ನಗು ಇಳಿದ ಮೇಲೆ ತಮ್ಮ ಬಾಯಿಬಿಟ್ಟ. "ನಂದೂ ಹಾಗೇ ಅಕ್ಕ. ಸೀಟಿ ಕೇಳಿದ್ರೆ ನಾನು ಜೈಲಲ್ಲೇ ಇರ್ತೀನಿ. ಕಾಲು ತಾನಾಗೇ ಹೋಗತ್ತೆ. ಭಾವ 'ಒಂದು' ಅನ್ನೋವರೆಗೂ ಎದೆ ಹೊಡ್ಕೊಳ್ತಾನೇ ಇರತ್ತೆ."

ತಮ್ಮ ಹೆದರಿ ಸಾಯುತ್ತಿದ್ದದ್ದನ್ನು ತಾನು ಮರ್ಯಾದೆ ಎಂದು ಊರಿಗೆಲ್ಲ ಹೊಗಳಿಕೊಂಡು ತಿರುಗಿದೆನಲ್ಲ ಎಂದು ಅಕ್ಕನಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆದವು. ಅವನ ಕೈ ಹಿಡಿದು ಅತ್ತುಬಿಟ್ಟಳು.

ಅಂದಿನಿಂದ ಮನೆಯಲ್ಲಿ ಸೀಟಿ ಬಂದ್. ಕಂಡಕ್ಟರ್ ಬಾಗಿಲಲ್ಲಿ ಕೆಮ್ಮಿ ಒಳಗೆ ಬರತೊಡಗಿದ. ದಿನಾ ಬೆಳಿಗ್ಗೆ ಮೂವರೂ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಅಕ್ಕನ ಮನಸ್ಸು ಬೀದಿ ಸುತ್ತಿ ಬರುತ್ತಿತ್ತು, ಗಂಡನ ಗಮನ ಗೊರಕೆಯಲ್ಲಿ ಮುಗಿಯುತ್ತಿತ್ತು. ತಮ್ಮನಿಗೆ ಎಲ್ಲ ದಿನವೂ ಒಂದೇ ತರಹ ಇರಲಿಲ್ಲ. ಒಮ್ಮೆ ಕಣ್ಣು ಮುಚ್ಚಿ ಕೂತಾಗ ಹಳೆಯದೆಲ್ಲ ನುಗ್ಗಿ ಬಂದು ಬೆವತುಹೋದ. ನರ್ಸಮ್ಮ, "ಹಾಗಾದ್ರೆ ಕೂರೋದು ಬೇಡ. ಕಣ್ಣು ಬಿಟ್ಕೊಂಡು ನಿಧಾನ ನಡೀ, ಹೆಜ್ಜೆ ಗಮನಿಸು," ಎಂದಳು. ನಿದ್ದೆ ಬಾರದ್ದಕ್ಕೆ ಡಾಕ್ಟರ ಹತ್ತಿರವೂ ಕರೆದೊಯ್ದಳು. ಮಾಲೀಕನೂ ಒಳ್ಳೆಯವನು, ಅಷ್ಟು ದಿನ ಗರಗಸದ ಹತ್ತಿರ ಬಿಡದೆ ಮರಳು ಕಾಗದ ಉಜ್ಜುವ ಕೆಲಸ ಕೊಟ್ಟಿದ್ದ.

ಮತ್ತೆ ಗರಗಸಕ್ಕೆ ನಿಂತ ದಿನ ಅಕ್ಕನಿಗೆ ಅಂಗಡಿಯಲ್ಲಿ ಕೈಕಾಲು ಆಡಲಿಲ್ಲ. ಊಟ ಕೊಡುವ ನೆಪದಲ್ಲಿ ಹೊತ್ತಿಗೆ ಮುಂಚೆಯೇ ಹೋಗಿ ಕಾರ್ಖಾನೆಯ ಕಿಟಕಿಯಲ್ಲಿ ನಿಂತಳು. ಸೈರನ್ ಕೂಗಿತು. ತಮ್ಮನ ಮೈ ಬಿಗಿಯಿತು. ಒಂದು ಕಾಲು ಎತ್ತಿಯೂ ಆಗಿತ್ತು. ಅಕ್ಕ ಉಸಿರಾಡುವುದನ್ನೇ ಮರೆತಳು. ಅವನು ಎತ್ತಿದ ಕಾಲನ್ನು ನೆಲಕ್ಕೆ ಒತ್ತಿದ. ಒಂದು ಉಸಿರು ಎಳೆದ, ಬಿಟ್ಟ. ಸುತ್ತ ನೋಡಿದ. ಕೈ ಚಾಚಿ ಗರಗಸವನ್ನು ಆರಿಸಿದ, ಅದು ಪೂರ್ತಿ ನಿಲ್ಲುವವರೆಗೆ ಕಾದ. ಆಮೇಲೆ ಎಲ್ಲರಂತೆ ಆಚೆ ಬಂದ.

ಅಕ್ಕ ಡಬ್ಬಿ ಮುಂದೆ ಹಿಡಿದಳು. ತಮ್ಮ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಏನಕ್ಕ ಇದು, ಇಷ್ಟೊಂದು ಉಪ್ಪು!"

ಬಿಡುಗಡೆಯಾಗಿ ಬಂದಾಗಿನಿಂದ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದವನು, ಬೇಕು ಬೇಡ ಎನ್ನದವನು. ಬೇರೆ ಯಾರೇ ಈ ಮಾತು ಆಡಿದ್ದರೂ ಡಬ್ಬಿ ಅವರ ತಲೆಯ ಮೇಲಿರುತ್ತಿತ್ತು. "ಬೇಕಾದ್ರೆ ತಿನ್ನು, ಬೇಡ್ದಿದ್ರೆ ಬಿಡು!" ಎಂದು ಗದರಿದ ಅಕ್ಕ ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಕಣ್ಣೊರೆಸಿಕೊಂಡು ಹೇಳಿದಳು: "ನನ್ನ ತಮ್ಮ ನನ್ನ ಅಡುಗೆಯಲ್ಲಿ ಕೊಂಕು ತೆಗೆದ ಕಣ್ರೀ!"

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಯಾರಾದರೂ ಜೈಲಿನಿಂದ ಬಂದಿದ್ದಾರಾ? ಅವರು ಸದ್ದಿಗೆ ಬೆಚ್ಚಿದರೆ, ನಿದ್ದೆಗೆಟ್ಟರೆ, ಎಲ್ಲಕ್ಕೂ ಅಪ್ಪಣೆ ಕೇಳಿದರೆ ಶಿಸ್ತು ಎಂದು ಹೊಗಳಬೇಡಿ, ನಾಟಕ ಎಂದು ಹಂಗಿಸಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ತರಬೇತಿ ಎಲ್ಲಿದೆ ಎಂದು ಕೇಳಿ. ತರಬೇತಿ ಪಡೆದವರಿಂದಲೇ ಕಲಿಯಲಿ, ಜೊತೆಗೆ ನೀವೂ ಕೂರಿ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಅಭ್ಯಾಸದಿಂದ ಕಳವಳ ಹೆಚ್ಚಾದರೆ ಕಲಿಸುವವರಿಗೆ ಹೇಳಿ. ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಉಳಿದದ್ದಕ್ಕೆ ಸ್ವಲ್ಪ ಕಾಯಿರಿ. ಅವರು ನಿಮ್ಮ ಅಡುಗೆಯಲ್ಲೂ ಕೊಂಕು ತೆಗೆಯುವ ದಿನ ಬಂದೇ ಬರುತ್ತದೆ. ಆವತ್ತು ದಯವಿಟ್ಟು ಸಿಟ್ಟು ಮಾಡಿಕೊಳ್ಳಬೇಡಿ.