ಹಿಂದಕ್ಕೆ ನಡೆದ ಕುರಿಗಳು

ಸ್ಟುಡಿಯೋದಲ್ಲಿ ಅವಳಿಗೆ ‘ಮೋಡದಮ್ಮ’ ಎಂದೇ ಹೆಸರು. ಬಯಲಲ್ಲಿ ಕ್ಯಾಮೆರಾ ನೆಟ್ಟು, ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುತ್ತಾ ದಿನವಿಡೀ ಕೂರುವುದು ಅವಳ ಕೆಲಸ. ಆ ಚಿತ್ರಗಳನ್ನು ಒಟ್ಟಿಗೆ ಓಡಿಸಿದರೆ ಬೆಳಗಿನಿಂದ ಸಂಜೆಯವರೆಗಿನ ಮೋಡ, ಬಿಸಿಲು, ನೆರಳು ಎಲ್ಲಾ ಮೂರೇ ನಿಮಿಷದಲ್ಲಿ ಸರಿದುಹೋಗುತ್ತಿದ್ದವು.

ಈ ಸಲ ಹಿಡಿಯಬೇಕಿದ್ದದ್ದು ಗುಡ್ಡದ ಪೂರ್ವ ಇಳಿಜಾರು. ಅಲ್ಲಿ ಹೊಸ ಮನೆಗಳು ಏಳುವುದಿತ್ತು. ‘ಸಂಜೆವರೆಗೂ ಬಿಸಿಲು’ ಎಂದು ಮಾರುವವರು ಆಗಲೇ ಸಾರಿಬಿಟ್ಟಿದ್ದರು. ಅವಳು ಎರಡು ದಿನ ಕೂತಳು. ಎರಡೂ ದಿನ ಮೂರು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಗುಡ್ಡದ ನೆರಳು ಇಳಿದುಬಂದು ಹುಲ್ಲು, ಬಂಡೆ, ಅಳತೆಯ ಗೂಟ ಎಲ್ಲವನ್ನೂ ನುಂಗಿತು.

ಸ್ಟುಡಿಯೋ ಯಜಮಾನರು ನೋಡಿ ಗಡ್ಡ ಕೆರೆದುಕೊಂಡರು. “ಬೆಳಗಿನ ಚಿತ್ರಗಳನ್ನೇ ಹಿಂದುಮುಂದಾಗಿ ಓಡಿಸಮ್ಮ. ಅದೇ ಸಂಜೆ. ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತಲ್ಲ ಸಾರ್. ನಾನು ಮಾಡಲ್ಲ.”

“ಮನೆ ಕೊಳ್ಳೋಳು ನೀನಾ?”

ಕೊಳ್ಳಲು ಹೊರಟವಳು ಅವಳ ಅಕ್ಕ. ಬಟ್ಟೆ ಹೊಲಿದೇ ಬದುಕಿದವಳು, ಕಣ್ಣು ಮಂಜಾಗುತ್ತಿತ್ತು. ಹೊಲಿಗೆ ಯಂತ್ರದ ಮೇಲೆ ಸಂಜೆಯವರೆಗೂ ಬೆಳಕು ಬೀಳಲಿ ಎಂಬುದೊಂದೇ ಅವಳ ಆಸೆ. ತಂಗಿ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ನಿಂಗೆ ಎಲ್ಲದ್ರಲ್ಲೂ ಹುಳುಕೇ ಕಾಣೋದು. ಭಾನುವಾರ ಅವ್ರೇ ತೋರಿಸ್ತಾರೆ, ಬಾ” ಅಂದುಬಿಟ್ಟಳು.

ಭಾನುವಾರ ಮಧ್ಯಾಹ್ನ ಮನೆ ಮಾರುವವರ ಸಭಾಂಗಣ ತುಂಬಿತ್ತು. ಯಜಮಾನರು ತಾವೇ ಕೂತು ಜೋಡಿಸಿದ್ದ ಚಿತ್ರ ಪರದೆಯ ಮೇಲೆ ಓಡಿತು. ಇಳಿಜಾರಿನ ಮೇಲೆ ಹೊಂಬಿಸಿಲು ಹರಡಿದ್ದೇ ತಡ, ಜನ ಬಾಯಿ ಬಿಟ್ಟುಕೊಂಡು ನೋಡಿದರು. ಹಿಂದಿನ ಸಾಲಿನಲ್ಲಿದ್ದ ಮೋಡದಮ್ಮ ಎದ್ದು ನಿಂತಳು.

“ಅದನ್ನೇ ಇನ್ನೊಂದ್ಸಲ ಓಡ್ಸಿ! ಆ ಕುರಿಗಳನ್ನ ನೋಡಿ. ಬಾಲ ಮುಂದಿಟ್ಕೊಂಡು ಗುಡ್ಡ ಹತ್ತೋ ಕುರಿ ಯಾರಾದ್ರೂ ಕಂಡಿದ್ದೀರಾ?”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಸಭಾಂಗಣವೇ ನಕ್ಕಿತು.

“ಅದು ಬೆಳಗ್ಗೆ, ಹಿಂದುಮುಂದಾಗಿ ಓಡಿಸಿರೋದು. ತೆಗೆದವಳು ನಾನೇ. ಮೂರು ಗಂಟೆ ಆದ್ಮೇಲೆ ಅಲ್ಲಿ ಬಿಸಿಲೇ ಇಲ್ಲ.”

ಯಜಮಾನರ ಮುಖ ಕೆಂಪಾಯಿತು. “ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ!”

“ಬರೋರ್ಯಾರು ಸಾರ್? ನಾನು ಆಗ್ಲೇ ಬಿಟ್ಟಾಯ್ತು.”

ಆಗ ಅಕ್ಕ ಕನ್ನಡಕ ಸರಿಮಾಡಿಕೊಂಡು ಎದ್ದಳು. “ಇವಳ ಮಾತು ನಾನೂ ನಂಬಿರ್ಲಿಲ್ಲ. ಈಗ ಎರಡು ಗಂಟೆ. ಜಾಗ ಇಲ್ಲೇ ಇದೆ, ಹೋಗಿ ನೋಡೇಬಿಡೋಣ ನಡೀರಿ.”

ಇಪ್ಪತ್ತು ಇಪ್ಪತ್ತೈದು ಜನ ಇಳಿಜಾರಿನಲ್ಲಿ ಗುಂಪಾಗಿ ನಿಂತರು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಮೂರು ಗಂಟೆ ಆಗುವ ಮೊದಲೇ ನೆರಳು ಅವರ ಕಾಲ ಬಳಿ ಬಂದು, ಮೊಣಕಾಲಿಗೇರಿ, ಮುಖ ಮುಚ್ಚಿತು. ಮಾರುವವರ ಕಡೆಯವನು ಏನೋ ಗೊಣಗಿದ. ಯಾರೂ ಅತ್ತ ತಿರುಗಲಿಲ್ಲ. ಅಕ್ಕ ಚೀಲದಿಂದ ಸೂಜಿ ದಾರ ತೆಗೆದು ಪೋಣಿಸಲು ನೋಡಿದಳು. ನಾಲ್ಕು ಸಲ ತಪ್ಪಿತು.

“ನಿಮ್ಮ ಮನೆ ನೀವೇ ಇಟ್ಕೊಳ್ಳಿ” ಎಂದು ಅವನ ಮುಖಕ್ಕೇ ಹೇಳಿ ತಂಗಿಯ ಕೈ ಹಿಡಿದುಕೊಂಡಳು.

ಆ ವಾರವೇ ಮೋಡದಮ್ಮನಿಗೆ ಮೂರು ಮನೆಗಳಿಂದ ಕರೆ ಬಂತು: “ನಾವು ಕೊಳ್ಳೋ ಜಾಗದ ಒಂದು ದಿನದ ಚಿತ್ರ ತೆಗೆದುಕೊಡ್ತೀರಾ?”

“ಕೊಡ್ತೀನಿ. ಆದ್ರೆ ಇದ್ದದ್ದು ಇದ್ದ ಹಾಗೆ!” ಅಂದಳು.